ಗಾಜಿನ ರಿಮೋಟ್: ಸೌಲಭ್ಯ ಯಾರಿಗೆ, ಸಂಕಷ್ಟ ಯಾರಿಗೆ?

ಕೊಪ್ಪಳ ಜಿಲ್ಲೆಯ ಯಾವುದೇ ಮಧ್ಯಮ ವರ್ಗದ ಮನೆಯ ಪಡಸಾಲೆಯಲ್ಲಿ ಕುಳಿತರೂ ಟೀವಿಯ ಎದುರಿಗೆ ಮೂರೋ ನಾಲ್ಕೋ ರಿಮೋಟುಗಳು ಸಾಲಾಗಿ ಮಲಗಿರುವುದನ್ನು ಕಾಣಬಹುದು. ಒಂದು ಟೀವಿಯದು, ಇನ್ನೊಂದು ಸೆಟ್‌ಟಾಪ್ ಬಾಕ್ಸಿನದು, ಮತ್ತೊಂದು ಹೊಸದಾಗಿ ಹಾಕಿಸಿದ ಫ್ಯಾನಿನದು, ಅನುಕೂಲಸ್ಥರಾದರೆ ಏಸಿಯದೊಂದು. ಬಹುತೇಕ ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಅದರ ಮೇಲೊಂದು ರಬ್ಬರ್ ಬ್ಯಾಂಡು. ಸೆಲ್ಲು ಸೊರಗಿದರೆ ಅಂಗೈಗೆ ಎರಡು ಬಾರಿ ಬಡಿಯುವುದು, ಆಗಲೂ ಆಗದಿದ್ದರೆ ಸೆಲ್ಲು ತೆಗೆದು ಬಿಸಿಲಿಗಿಡುವುದು ನಮ್ಮ ಭಾಗದ ಸರ್ವಸಮ್ಮತ ಚಿಕಿತ್ಸೆ. ಈ ರಿಮೋಟುಗಳಲ್ಲಿ ಒಂದನ್ನೂ ಮನೆಯವರು ಬೇಕೆಂದು ಕೇಳಿ ತಂದದ್ದಲ್ಲ; ಪ್ರತಿಯೊಂದೂ ಒಂದೊಂದು ಯಂತ್ರದ ಬೆನ್ನು ಹತ್ತಿ ಬಂದದ್ದು.

1997ರ ಆಗಸ್ಟ್‌ನಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಂದಿಗೆ ಈ ಜಿಲ್ಲೆ ಜನ್ಮ ತಳೆದಾಗ ಟೀವಿ ಇದ್ದ ಮನೆಯಲ್ಲೂ ರಿಮೋಟು ಇರಲೇಬೇಕೆಂಬ ನಿಯಮವಿರಲಿಲ್ಲ. ಮನೆಯ ಅತಿ ಕಿರಿಯ ಮಗುವೇ ರಿಮೋಟು. ಎದ್ದುಹೋಗಿ ಚಾನೆಲ್ ಬದಲಿಸಿ ಬಾ ಎಂದರೆ ಮುಗಿಯಿತು. ಎರಡನೆಯ ರಿಮೋಟು ಮನೆ ಹೊಕ್ಕದ್ದಂತೂ ಸರ್ಕಾರದ ಆಜ್ಞೆಯಿಂದ ಎಂಬುದನ್ನು ನಾವು ಮರೆತಿದ್ದೇವೆ. ಕೇಬಲ್ ಜಾಲವನ್ನು ಡಿಜಿಟಲ್‌ಗೆ ಬದಲಿಸುವ ಕಾರ್ಯ 2012ರಲ್ಲಿ ಮಹಾನಗರಗಳಿಂದ ಆರಂಭವಾಯಿತು. ಸಣ್ಣಪುಟ್ಟ ಪಟ್ಟಣಗಳ ಸರದಿ 2015ರ ಡಿಸೆಂಬರ್ ಗಡುವಿನೊಂದಿಗೆ ಬಂತು. ಗ್ರಾಮೀಣ ಪ್ರದೇಶಗಳಿಗೆ ನೀಡಿದ್ದ ಅಂತಿಮ ಗಡುವು 2017ರ ಮಾರ್ಚ್ 31. ಅಂದಿನಿಂದ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಕೇಬಲ್ ಇಲ್ಲ, ಬಾಕ್ಸ್ ಬಂದರೆ ಅದರದೇ ಒಂದು ರಿಮೋಟು. ಧ್ವನಿ ಹೆಚ್ಚಿಸಲು ಒಂದು, ಚಾನೆಲ್ ಬದಲಿಸಲು ಇನ್ನೊಂದು ಎಂಬ ಶ್ರಮವಿಭಜನೆ ಹಳ್ಳಿಯ ಮನೆಗಳಿಗೂ ಬಂದದ್ದು ಹೀಗೆ. ಆಡಂ ಸ್ಮಿತ್ ಇಂತಹ ಶ್ರಮವಿಭಜನೆಯನ್ನು ಊಹಿಸಿರಲಾರ.

ಈ ಗೊಂದಲಕ್ಕೆ ಪರಿಹಾರವೆಂದು ಈಗ ಬಂದಿರುವುದು ಟಚ್‌ಸ್ಕ್ರೀನಿನ ಸರ್ವಯಂತ್ರ ರಿಮೋಟು. ಒಂದೇ ಗಾಜಿನ ಫಲಕ. ಅದರ ಮೇಲೆ ಬೇಕಾದ ಯಂತ್ರದ ಚಿತ್ರ ಮುಟ್ಟಿದರೆ ಆ ಯಂತ್ರದ ಗುಂಡಿಗಳೆಲ್ಲ ಮೂಡುತ್ತವೆ. ಶ್ರೀಮಂತ ದೇಶಗಳಲ್ಲಿ ಇದು ಪ್ರತ್ಯೇಕ ಉಪಕರಣವಾಗಿ ಬಂತು. ನಮ್ಮಲ್ಲಿ ಬಂದದ್ದು ಮೊಬೈಲ್ ಫೋನಿನ ವೇಷದಲ್ಲಿ. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳು ಹಳೆಯ ರಿಮೋಟುಗಳನ್ನೆಲ್ಲ ಬದಿಗೆ ಸರಿಸಿ, ಫೋನಿನಲ್ಲೊಂದು ಆ್ಯಪ್ ಹಾಕಿ, ಇನ್ನು ಇದೊಂದೇ ಸಾಕು ಎನ್ನುತ್ತಾರೆ. ಸಾಕೇ? ಈ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಪಡಸಾಲೆಯನ್ನು ದಾಟಿ ಹೊಲದ ಬೋರ್‌ವೆಲ್ಲಿನವರೆಗೆ ಹೋಗಿರುವುದರಿಂದ ಗಂಭೀರವಾಗಿಯೇ ಪರಿಶೀಲಿಸಬೇಕಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಯ್ಕೆ ಮಾಡುವ ಕೆಲಸಕ್ಕೆ ಗಾಜು ಮೇಲು. ಅಭ್ಯಾಸಬಲದಿಂದ, ಕತ್ತಲಲ್ಲಿ, ಅವಸರದಲ್ಲಿ ಮಾಡುವ ಕೆಲಸಕ್ಕೆ ಗುಂಡಿಯೇ ಮೇಲು. ಮೊದಲನೆಯದನ್ನು ಕೊಡುವ ನೆಪದಲ್ಲಿ ಎರಡನೆಯದನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲ.

ರಿಮೋಟಿನ ಚರಿತ್ರೆ ತುಸು ಸ್ವಾರಸ್ಯಕರವಾಗಿದೆ. ಅಮೆರಿಕದ ಜೆನಿತ್ ಕಂಪನಿಯ ಯೂಜಿನ್ ಪಾಲಿ ಎಂಬಾತ 1955ರಲ್ಲಿ ತಂತಿಯಿಲ್ಲದ ಮೊದಲ ಟೀವಿ ರಿಮೋಟನ್ನು ರೂಪಿಸಿದ. ಅದು ಒಂದು ಬಗೆಯ ಟಾರ್ಚು. ಟೀವಿಯ ಮೂಲೆಗಳಿಗೆ ಬೆಳಕು ಬಿಟ್ಟರೆ ಕೆಲಸವಾಗುತ್ತಿತ್ತು. ಕಿಟಕಿಯಿಂದ ಬಿಸಿಲು ಬಿದ್ದಾಗ ಟೀವಿ ತಾನೇ ಚಾನೆಲ್ ಬದಲಿಸಿಕೊಳ್ಳುತ್ತಿತ್ತಂತೆ; ಕೊಪ್ಪಳದ ಬಿಸಿಲಿಗೆ ಅದು ಸಿಕ್ಕಿದ್ದರೆ ಗತಿಯೇನು! ಮರುವರ್ಷವೇ ಅದೇ ಕಂಪನಿಯ ರಾಬರ್ಟ್ ಆ್ಯಡ್ಲರ್, ಗುಂಡಿ ಒತ್ತಿದರೆ ಅಲ್ಯೂಮಿನಿಯಂ ಸರಳಿಗೆ ಪುಟ್ಟ ಸುತ್ತಿಗೆ ಬಡಿದು ಕಿವಿಗೆ ಕೇಳಿಸದ ನಾದ ಹೊರಡಿಸುವ ರಿಮೋಟನ್ನು ತಯಾರಿಸಿದ. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ. ಮುಂದೆ ಇನ್‌ಫ್ರಾರೆಡ್ ಎಂಬ ಕಣ್ಣಿಗೆ ಕಾಣದ ಬೆಳಕಿನ ಯುಗ ಬಂತು. 1980ರ ದಶಕದ ಮಧ್ಯಭಾಗದಲ್ಲಿ ಹಲವು ಯಂತ್ರಗಳಿಗೆ ಒಂದೇ ರಿಮೋಟು ಎಂಬ ಕಲ್ಪನೆ ಕೈಗೂಡಿತು. ಆ್ಯಪಲ್ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ ಕೂಡ 1987ರಲ್ಲಿ ಅಂತಹದೊಂದನ್ನು ಮಾರುಕಟ್ಟೆಗೆ ತಂದಿದ್ದರು. ಫಿಲಿಪ್ಸ್ ಕಂಪನಿಯ ‘ಪ್ರಾಂಟೊ’ 1998ರಲ್ಲಿ ಗುಂಡಿಗಳ ಜಾಗದಲ್ಲಿ ಸ್ಪರ್ಶಪರದೆಯನ್ನಿಟ್ಟಿತು. ಲಾಜಿಟೆಕ್ ಕಂಪನಿಯ ‘ಹಾರ್ಮನಿ’ ಈ ವರ್ಗದ ಅತ್ಯಂತ ಪ್ರಸಿದ್ಧ ರಿಮೋಟಾಗಿತ್ತು. ಅದರ ತಯಾರಿಕೆ ನಿಂತಿದೆಯೆಂದು 2021ರ ಏಪ್ರಿಲ್‌ನಲ್ಲಿ ಕಂಪನಿ ಪ್ರಕಟಿಸಿತು. ಫೋನೇ ರಿಮೋಟಾದ ಮೇಲೆ ಬೇರೆಯದನ್ನು ಕೊಳ್ಳುವವರು ಎಷ್ಟು ಮಂದಿ?

ಎಲ್ಲ ಕಂಪನಿಗಳ ಯಂತ್ರಗಳಿಗೂ ಒಂದೇ ರಿಮೋಟು ಸಾಧ್ಯವಾಗುವುದು ಹೇಗೆಂಬುದನ್ನು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ರಿಮೋಟಿನ ಮೂತಿಯಲ್ಲಿರುವ ಪುಟ್ಟ ದೀಪ ಸೆಕೆಂಡಿಗೆ ಸುಮಾರು 38 ಸಾವಿರ ಬಾರಿ ಮಿನುಗುವ ಬೆಳಕನ್ನು ತುಂಡುತುಂಡಾಗಿ ಕಳಿಸುತ್ತದೆ. ಆ ತುಂಡುಗಳ ಜೋಡಣೆಯೇ ಸಂಕೇತ; ಹಳೆಯ ಅಂಚೆ ಕಚೇರಿಯ ತಂತಿಯ ಕಟ್ಟುಕಡ್ಡ ಭಾಷೆಯಂತೆ. ಫೋನಿನ ಕ್ಯಾಮೆರಾದ ಎದುರು ರಿಮೋಟು ಹಿಡಿದು ಗುಂಡಿ ಒತ್ತಿದರೆ ಆ ದೀಪ ಮಿನುಗುವುದು ಎಷ್ಟೋ ಫೋನುಗಳಲ್ಲಿ ಕಾಣುತ್ತದೆ. ಸೆಲ್ಲು ಸತ್ತಿದೆಯೋ ರಿಮೋಟೇ ಸತ್ತಿದೆಯೋ ಎಂದು ತಿಳಿಯಲು ಸೆಲ್ಲನ್ನು ಬಿಸಿಲಿಗಿಡುವುದಕ್ಕಿಂತ ಇದು ಉತ್ತಮ ಉಪಾಯ. ಪ್ರತಿಯೊಂದು ಕಂಪನಿಗೂ ಅದರದೇ ಸಂಕೇತಪಟ್ಟಿ ಇರುತ್ತದೆ. ಸರ್ವಯಂತ್ರ ರಿಮೋಟು ಆ ಪಟ್ಟಿಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ, ಇಲ್ಲವೇ ಹಳೆಯ ರಿಮೋಟಿನಿಂದ ಕಲಿತುಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಈ ಸಂಭಾಷಣೆ ಏಕಮುಖವಾದುದು. ರಿಮೋಟು ಹೇಳುತ್ತದೆ, ಯಂತ್ರ ಕೇಳುತ್ತದೆ. ಕೇಳಿತೋ ಇಲ್ಲವೋ ಎಂಬುದು ರಿಮೋಟಿಗೆ ಗೊತ್ತಾಗುವುದಿಲ್ಲ. ಜೊತೆಗೆ ಬಹಳಷ್ಟು ಯಂತ್ರಗಳಲ್ಲಿ ‘ಆನ್’ಗೂ ‘ಆಫ್’ಗೂ ಒಂದೇ ಸಂಕೇತ. ಗಾಜಿನ ರಿಮೋಟಿನಲ್ಲಿ ‘ಟೀವಿ ನೋಡು’ ಎಂಬ ಚಿತ್ರ ಮುಟ್ಟಿದಾಗ ಅದು ಟೀವಿಗೂ ಬಾಕ್ಸಿಗೂ ಒಂದೊಂದು ಸಂಕೇತ ಕಳಿಸುತ್ತದೆ. ಬಾಕ್ಸು ಮೊದಲೇ ಚಾಲೂ ಇದ್ದರೆ ಆ ಸಂಕೇತದಿಂದ ಅದು ಮಲಗಿಬಿಡುತ್ತದೆ. ಟೀವಿ ಎದ್ದು ನೀಲಿ ಪರದೆ ತೋರಿಸುತ್ತದೆ. ಮತ್ತೆ ಮುಟ್ಟಿದರೆ ಇದು ಅದಾಗುತ್ತದೆ, ಅದು ಇದಾಗುತ್ತದೆ. ತಿಳಿದವರು ಎದ್ದುಹೋಗಿ ಬಾಕ್ಸಿನ ಮೇಲಿನ ಗುಂಡಿಯನ್ನೇ ಒತ್ತಿ ಸರಿಪಡಿಸಿಯಾರು. ತಿಳಿಯದವರು ಕೇಬಲ್ಲಿನವನಿಗೆ ಫೋನ್ ಮಾಡುತ್ತಾರೆ.

ಇಷ್ಟಾದರೂ ಗಾಜಿನ ಪರವಾಗಿ ಹೇಳಬೇಕಾದ ಮಾತುಗಳು ಕಡಿಮೆಯೇನಲ್ಲ. ಮೊದಲನೆಯದಾಗಿ ಅದು ಕನ್ನಡ ಬರೆಯಬಲ್ಲದು. ಮಾಮೂಲಿ ರಿಮೋಟಿನ ಗುಂಡಿಗಳ ಮೇಲೆ ಅಚ್ಚಾಗಿರುವ ಇಂಗ್ಲಿಷ್ ಅಕ್ಷರಗಳನ್ನು ತಿದ್ದಲಾಗದು. ಗಾಜಿನ ಮೇಲಿನ ಅಕ್ಷರಗಳನ್ನು ತಂತ್ರಾಂಶದಲ್ಲೇ ಬದಲಿಸಬಹುದು, ದೊಡ್ಡದಾಗಿಸಬಹುದು. 2011ರ ಜನಗಣತಿಯ ಪ್ರಕಾರ ಸಾಕ್ಷರತೆ ಶೇ 68ರ ಆಸುಪಾಸಿನಲ್ಲಿದ್ದ, ಮಹಿಳೆಯರಲ್ಲಿ ಶೇ 58ನ್ನೂ ಮುಟ್ಟದಿದ್ದ ಜಿಲ್ಲೆಯಲ್ಲಿ, ಓದಬಲ್ಲವರಿಗಾದರೂ ಅವರ ಲಿಪಿಯಲ್ಲೇ ‘ಧ್ವನಿ’, ‘ಚಾನೆಲ್’ ಎಂದು ಕಾಣಿಸುವುದು, ಓದಲಾರದವರಿಗೆ ಚಿತ್ರ ಕಾಣಿಸುವುದು ಸಣ್ಣ ಉಪಕಾರವಲ್ಲ. ಆದರೆ ಈ ಸಾಧ್ಯತೆಯನ್ನು ಮನಸ್ಸಿಟ್ಟು ಬಳಸಿಕೊಂಡಿರುವ ತಯಾರಕರು ವಿರಳ. ಗಾಜಿನ ಮೇಲೂ ಬಹುಪಾಲು ಇಂಗ್ಲಿಷೇ ಮೂಡುತ್ತಿದೆ. ಎರಡನೆಯದು ಧೂಳು. ಗಿಣಿಗೇರಾ ಸುತ್ತಲಿನ ಹಳ್ಳಿಗಳಲ್ಲಿ ಉಕ್ಕು ಮತ್ತು ಮೆದುಕಬ್ಬಿಣದ ಕಾರ್ಖಾನೆಗಳ ಕರಿ ಧೂಳು ಮನೆಯ ಮೂಲೆಮೂಲೆಗೂ ನುಗ್ಗುತ್ತದೆ. ರಬ್ಬರ್ ಗುಂಡಿಗಳ ಅಡಿಗೆ ಅದು ಸೇರಿಕೊಂಡು, ಒಳಗಿನ ಇಂಗಾಲದ ಬಿಲ್ಲೆ ಸವೆದು, ಗುಂಡಿ ಕೆಲಸ ಮಾಡದಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಜನ್ನಾದರೆ ಒಂದು ಬಟ್ಟೆಯಿಂದ ಒರೆಸಿದರಾಯಿತು. ನೂರಾರು ಚಾನೆಲ್ಲುಗಳಲ್ಲಿ ಒಂದನ್ನು ಹುಡುಕಲು, ಸಿನಿಮಾದ ಹೆಸರು ಬರೆದು ತೆಗೆಯಲು ಗಾಜಿಗೆ ಸಾಟಿಯಿಲ್ಲ. ಬಾಣದ ಗುರುತಿನ ಗುಂಡಿ ಒತ್ತೊತ್ತಿ ಒಂದೊಂದೇ ಅಕ್ಷರ ಆರಿಸುವುದು ಶತ್ರುವಿಗೂ ಬೇಡ.

ಇನ್ನು ಅದರ ವಿರುದ್ಧದ ವಾದ. ಗುಂಡಿಗೆ ಒಂದು ನಿಶ್ಚಿತ ಸ್ಥಳವಿದೆ, ಉಬ್ಬಿದೆ, ಒತ್ತಿದಾಗ ಕೊಡುವ ಪ್ರತಿಸ್ಪಂದನವಿದೆ. ಸಂಖ್ಯೆಗಳ ನಡುವಿನ 5ರ ಮೇಲೊಂದು ಪುಟ್ಟ ಚುಕ್ಕೆ ಇರುವುದನ್ನು ಗಮನಿಸಿರಬಹುದು. ಅದು ಕಣ್ಣಿಗಲ್ಲ, ಬೆರಳಿಗೆ. ವರ್ಷಾನುಗಟ್ಟಲೆ ಬಳಸಿದ ಮೇಲೆ ಯಾವ ಗುಂಡಿ ಎಲ್ಲಿದೆಯೆಂಬುದು ತಲೆಗಿಂತ ಹೆಚ್ಚಾಗಿ ಹೆಬ್ಬೆರಳಿಗೆ ಗೊತ್ತಿರುತ್ತದೆ. ಅಕ್ಷರ ಬಾರದ ಹೆಣ್ಣುಮಕ್ಕಳು ತಮ್ಮ ಧಾರಾವಾಹಿಯ ಚಾನೆಲ್ಲನ್ನು ‘ಕೆಂಪು ಗುಂಡಿ ಕೆಳಗಿಂದು, ಆಮ್ಯಾಲೆ ಅದರ ಬಾಜೂದು’ ಎಂದು ನೆನಪಿಟ್ಟುಕೊಂಡು ಕ್ಷಣದಲ್ಲಿ ಹಚ್ಚುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅರ್ಥಶಾಸ್ತ್ರದಲ್ಲಿ ಇದನ್ನು ಮಾನವ ಬಂಡವಾಳವೆನ್ನಲು ಅಡ್ಡಿಯಿಲ್ಲ. ಗಾಜು ಈ ಬಂಡವಾಳವನ್ನು ಒಂದೇ ದಿನದಲ್ಲಿ ಸೊನ್ನೆ ಮಾಡುತ್ತದೆ. ಆ್ಯಪ್ ಪರಿಷ್ಕರಣೆಯಾದ ಮರುದಿನ ಚಿತ್ರಗಳ ಜಾಗವೇ ಬದಲಾಗಿ, ಹೊಸದಾಗಿ ಕಲಿತದ್ದೂ ಸೊನ್ನೆಯಾಗಬಹುದು. ದೃಷ್ಟಿ ಮಂದವಾದವರ ಪಾಲಿಗೆ ಅದು ಬರಿಯ ನುಣುಪಾದ ಹಲಗೆ. ಪರದೆಯನ್ನು ಓದಿ ಹೇಳುವ ವ್ಯವಸ್ಥೆ ಫೋನುಗಳಲ್ಲಿ ಇದೆ ನಿಜ, ಆದರೆ ಅದನ್ನು ಕಲಿಸುವವರು ಯಾರು?

ಬೆರಳಿನ ವಿಷಯವನ್ನೂ ಹೇಳಬೇಕು. ಇಂದಿನ ಫೋನುಗಳ ಪರದೆ ಒತ್ತಡವನ್ನು ಗುರುತಿಸುವುದಿಲ್ಲ. ಚರ್ಮ ತಾಗಿದಾಗ ಅಲ್ಲಿನ ವಿದ್ಯುದಾವೇಶದಲ್ಲಾಗುವ ಸೂಕ್ಷ್ಮ ಬದಲಾವಣೆಯನ್ನು ಗುರುತಿಸುತ್ತದೆ. ಒಣಗಿ ದಪ್ಪಗಾದ ಚರ್ಮ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ಒದ್ದೆ ಬೆರಳು ತಪ್ಪಾಗಿ ತಿಳಿಯುತ್ತದೆ. ಗಂಗಾವತಿಯಲ್ಲಿ ಭತ್ತದ ನಾಟಿ ಮಾಡಿ ಬಂದ ಕೈ, ಕುಷ್ಟಗಿಯ ಎರೆಹೊಲದಲ್ಲಿ ಕುಂಟೆ ಹಿಡಿದ ಕೈ ಯಾವ ಪ್ರಯೋಗಾಲಯದ ಮುಂದೆ ಹಾಜರಾಗಿತ್ತು? ನ್ಯಾಯಬೆಲೆ ಅಂಗಡಿಗಳಲ್ಲಿ ಬೆರಳಚ್ಚು ಯಂತ್ರ ಬಂದಾಗ ಕೂಲಿಕಾರರ ಸವೆದ ಬೆರಳುಗಳು ಎಷ್ಟು ಬಾರಿ ತಿರಸ್ಕೃತವಾದವೆಂಬುದು ಆ ಸಾಲಿನಲ್ಲಿ ನಿಂತವರಿಗೆಲ್ಲ ತಿಳಿದಿದೆ. ತಂತ್ರಜ್ಞಾನ ಬೇರೆ ಇರಬಹುದು, ಅನುಭವ ಮಾತ್ರ ಅದೇ. ಪರಿಚಿತ ಹಿರಿಯ ರೈತರೊಬ್ಬರು ಮಗನ ಫೋನನ್ನು ನನ್ನ ಕೈಗಿಡುತ್ತಾ, ‘ಸಾಹೇಬ್ರ, ಇದನ್ನ ಒತ್ತಿದ್ರೂ ಒತ್ತಿದಂಗ ಅನ್ಸೂದಿಲ್ಲ ನೋಡ್ರಿ, ಬರೇ ಕನ್ನಡಿ ಸವರಿದಂಗಾಗತೈತಿ’ ಎಂದರು. ಹತ್ತು ಪುಟಗಳ ತಜ್ಞ ವರದಿ ಹೇಳಬೇಕಾದುದನ್ನು ಅವರು ಒಂದು ವಾಕ್ಯದಲ್ಲಿ ಹೇಳಿದ್ದರು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ರಿಮೋಟು ಮನೆಯ ಆಸ್ತಿ, ಫೋನು ವ್ಯಕ್ತಿಯ ಆಸ್ತಿ. ರಿಮೋಟು ಪಡಸಾಲೆಯಲ್ಲೇ ಬಿದ್ದಿರುತ್ತದೆ. ಅಜ್ಜಿಯೂ ಎತ್ತಿಕೊಳ್ಳಬಹುದು, ಮೊಮ್ಮಗಳೂ ಎತ್ತಿಕೊಳ್ಳಬಹುದು. ಫೋನು ಅದರ ಒಡೆಯನ ಜೇಬಿನಲ್ಲಿ, ಗುಪ್ತ ಸಂಖ್ಯೆಯ ಬೀಗದೊಳಗೆ ಇರುತ್ತದೆ. ಒಡೆಯ ಊರು ಬಿಟ್ಟರೆ ರಿಮೋಟೂ ಊರು ಬಿಟ್ಟಂತೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಗುಳೆಯ ಸೀಮೆ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಬೆಂಗಳೂರು, ಮಂಗಳೂರು, ಗೋವಾ ಎಂದು ಹೊರಟುಬಿಡುತ್ತಾರೆ. ಮನೆಯಲ್ಲಿ ಉಳಿಯುವವರು ವೃದ್ಧರು ಮತ್ತು ಶಾಲೆಗೆ ಹೋಗುವ ಮಕ್ಕಳು. ಆ ಮನೆಯ ಯಂತ್ರಗಳ ಹಿಡಿತ ಮನೆಯಲ್ಲೇ ಉಳಿಯಬೇಕಲ್ಲವೇ?

ಈ ಪ್ರಶ್ನೆ ಟೀವಿಗಿಂತ ನೂರು ಪಾಲು ತೀಕ್ಷ್ಣವಾಗಿ ಎದುರಾಗುವುದು ಹೊಲದಲ್ಲಿ. ಗಂಗಾವತಿಯ ಭತ್ತದ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯಿದೆ. ಕುಷ್ಟಗಿ, ಯಲಬುರ್ಗಾದ ರೈತನಿಗೆ ಇರುವುದು ಬೋರ್‌ವೆಲ್ಲು ಮತ್ತು ಜೆಸ್ಕಾಂನ ತ್ರಿಫೇಸ್ ಕರೆಂಟು. ಕೃಷಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ತ್ರಿಫೇಸ್ ಎಂಬುದು ಘೋಷಿತ ನೀತಿ. 2023ರ ಬರಗಾಲದಲ್ಲಿ ಅದು 5 ಗಂಟೆಗೆ ಇಳಿದು, ರೈತರು ಬೀದಿಗಿಳಿದ ಮೇಲೆ ಮತ್ತೆ 7ಕ್ಕೆ ಏರಿತು. ಅದರಲ್ಲಿ ಒಂದಿಷ್ಟು ರಾತ್ರಿಯ ಪಾಲಿಗೆ ಬಂದಾಗ ಮೋಟಾರು ಹಚ್ಚಲು ನಡುರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು. ದಾರಿಯಲ್ಲಿ ಹಾವು, ಚೇಳು, ಕೆಲವೆಡೆ ಕರಡಿ. ಮಳೆಗಾಲದಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿದರೆ ಶಾಕ್ ಹೊಡೆಯುವ ಭಯ ಬೇರೆ. ಈ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ಮೊಬೈಲ್ ಸ್ಟಾರ್ಟರು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ಅವರ ‘ನ್ಯಾನೊ ಗಣೇಶ’ ಈ ಬಗೆಯ ಉಪಕರಣಗಳಲ್ಲಿ ಮೊದಲಿಗೆ ಹೆಸರು ಮಾಡಿದವುಗಳಲ್ಲೊಂದು. ಅನಂತರ ಅನೇಕ ಕಂಪನಿಗಳು ಬಂದಿವೆ. ಸ್ಟಾರ್ಟರಿನ ಪಕ್ಕದಲ್ಲಿ ಸಿಮ್ ಇರುವ ಒಂದು ಪೆಟ್ಟಿಗೆ ಕೂಡಿಸುತ್ತಾರೆ. ಮನೆಯಿಂದಲೇ ಅದಕ್ಕೆ ಕರೆ ಮಾಡಿ, ಒಂದು ಅಂಕಿ ಒತ್ತಿದರೆ ಮೋಟಾರು ಚಾಲೂ, ಇನ್ನೊಂದು ಒತ್ತಿದರೆ ಬಂದ್. ಕರೆಂಟು ಇದೆಯೋ ಇಲ್ಲವೋ, ಮೋಟಾರು ಓಡುತ್ತಿದೆಯೋ ಇಲ್ಲವೋ ಎಂಬುದನ್ನೂ ಕೆಲವು ಪೆಟ್ಟಿಗೆಗಳು ತಿಳಿಸುತ್ತವೆ. ಟೀವಿಯ ರಿಮೋಟಿಗಿಲ್ಲದ ಎರಡನೆಯ ಮುಖದ ಸಂಭಾಷಣೆ ಇಲ್ಲಿದೆ ಎಂಬುದನ್ನು ಗಮನಿಸಬೇಕು.

ಈ ವ್ಯವಸ್ಥೆಯ ಸೊಗಸೆಂದರೆ ಅದಕ್ಕೆ ಬೇಕಾದುದು ಸಾವಿರ ಚಿಲ್ಲರೆ ರೂಪಾಯಿಯ ಗುಂಡಿ ಫೋನು ಮಾತ್ರ. ಕತ್ತಲಲ್ಲಿ, ಹಾಸಿಗೆಯಲ್ಲಿ ಕುಳಿತೇ, ಕನ್ನಡಕವಿಲ್ಲದೆಯೂ ಎಪ್ಪತ್ತರ ರೈತ ಅದನ್ನು ನಡೆಸಬಲ್ಲ. ಈಚಿನ ಮಾದರಿಗಳಲ್ಲಿ ಆ್ಯಪ್ ಬಂದಿದೆ. ಅದರಲ್ಲಿ ಸಮಯ ಗೊತ್ತುಪಡಿಸಬಹುದು, ಎಷ್ಟು ಹೊತ್ತು ಓಡಿತೆಂಬ ಲೆಕ್ಕ ನೋಡಬಹುದು, ಎರಡು ಮೂರು ಮೋಟಾರುಗಳನ್ನು ಒಂದೇ ಪರದೆಯಲ್ಲಿ ಕಾಣಬಹುದು. ಬೆಂಗಳೂರಿನ ಕಟ್ಟಡವೊಂದರ ಮೇಲೆ ಗಾರೆ ಕೆಲಸ ಮಾಡುತ್ತಿರುವ ಮಗ, ಯಲಬುರ್ಗಾದ ದಾಳಿಂಬೆಗೆ ನೀರು ಬಿಡಬಹುದು. ಇದನ್ನು ಅದ್ಭುತವೆನ್ನದೆ ವಿಧಿಯಿಲ್ಲ. ಆದರೆ ಪೈಪು ಒಡೆದು ನೀರು ಬದುವಿಗೆ ಹರಿಯುತ್ತಿದ್ದರೆ ಅದು ಬೆಂಗಳೂರಿಗೆ ಕಾಣುವುದಿಲ್ಲ. ಹೊಲದ ಪಕ್ಕದಲ್ಲೇ ಇರುವ ತಂದೆಗೆ ಕಾಣುತ್ತದೆ, ಆ್ಯಪ್ ಮಾತ್ರ ಅವರ ಬಳಿ ಇಲ್ಲ. ಪೆಟ್ಟಿಗೆ ಕೂಡಿಸುವಾಗ ಸ್ಟಾರ್ಟರಿನ ಹಸಿರು, ಕೆಂಪು ಗುಂಡಿಗಳು ಮೊದಲಿನಂತೆ ಕೆಲಸ ಮಾಡುತ್ತವೆಯೇ, ಮಾಮೂಲಿ ಫೋನಿನ ಕರೆಗೂ ಓಗೊಡುತ್ತದೆಯೇ, ಮನೆಯ ಎರಡನೆಯ ಫೋನಿನ ಸಂಖ್ಯೆಯನ್ನು ಸೇರಿಸಲು ಬರುತ್ತದೆಯೇ ಎಂಬ ಮೂರು ಮಾತುಗಳನ್ನು ಖಾತ್ರಿ ಮಾಡಿಕೊಳ್ಳದೆ ಹಣ ಕೊಡಬಾರದೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇಲ್ಲಿ ಇನ್ನೊಂದು ಆತಂಕವನ್ನೂ ಹೇಳಬೇಕು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ 2008ರಿಂದ ವಿದ್ಯುತ್ ಉಚಿತ. ಏಳೂವರೆ ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ 7 ಗಂಟೆ ಓಡಿದರೆ ಕನಿಷ್ಠ 39 ಯೂನಿಟ್ ಖರ್ಚು. ರೈತನಿಗೆ ಅದರ ಬೆಲೆ ಸೊನ್ನೆ. ಬೆಲೆಯ ಕಡಿವಾಣವಿಲ್ಲದಲ್ಲಿ ಇದುವರೆಗೆ ಇದ್ದ ಒಂದೇ ಕಡಿವಾಣ ಶ್ರಮದ್ದು: ಹೊಲದವರೆಗೆ ನಡೆಯಬೇಕು. ಬೆರಳು ಸೋಕಿದರೆ ಮೋಟಾರು ಓಡುವುದಾದರೆ ಆ ಕಡಿವಾಣವೂ ಕಳಚಿತು. ಕರೆಂಟು ಬಂದ ಕೂಡಲೇ ತಾನಾಗಿ ಹೊರಡುವ ಆಟೊ ಸ್ಟಾರ್ಟರುಗಳನ್ನು ವಿದ್ಯುತ್ ಸಂಸ್ಥೆಗಳು ವಿರೋಧಿಸುತ್ತ ಬಂದಿರುವುದು ಸುಮ್ಮನಲ್ಲ. ಒಂದು ಪರಿವರ್ತಕದ ಮೇಲಿನ ಮೋಟಾರುಗಳೆಲ್ಲ ಒಂದೇ ಕ್ಷಣದಲ್ಲಿ ಎದ್ದರೆ ಅದು ಸುಟ್ಟುಹೋಗುವ ಅಪಾಯವಿದೆ. ಹಾಗೆಂದು ರೈತ ಹಾವು ತುಳಿಯುತ್ತಲೇ ಇರಲಿ ಎಂದು ವಾದಿಸುವ ಕ್ರೂರಿ ನಾನಲ್ಲ. ನೀರು ತೆಗೆದಷ್ಟು ಹೊತ್ತಿನ ಲೆಕ್ಕವನ್ನು ಅದೇ ಆ್ಯಪ್ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರತಿದಿನ ತೋರಿಸಲಿ. ಗಾಜು ಮಾಡಬಲ್ಲ ಕೆಲಸ ಅದು. ಮನೆಯಲ್ಲೂ ಇಂತಹ ಕಾಣದ ಖರ್ಚಿದೆ. ರಿಮೋಟಿನಿಂದ ಆರಿಸಿದ ಸೆಟ್‌ಟಾಪ್ ಬಾಕ್ಸು ನಿಜವಾಗಿ ಆರುವುದಿಲ್ಲ. 5 ವ್ಯಾಟ್ ಎಂದು ಹಿಡಿದು, ದಿನಕ್ಕೆ 20 ಗಂಟೆ ಹಾಗೇ ಬಿಟ್ಟರೂ ವರ್ಷಕ್ಕೆ 36 ಯೂನಿಟ್ ದಾಟುತ್ತದೆ. ಗೋಡೆಯ ಸ್ವಿಚ್ಚು ಅದಕ್ಕೆ ಇರುವ ಒಂದೇ ಮದ್ದು.

ಗುಂಡಿಯ ಪರ ಮಾತನಾಡುವವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವ ರೂಢಿಯಿದೆ. 2017ರ ಆಗಸ್ಟ್ 21ರಂದು ಅಮೆರಿಕದ ಯುದ್ಧನೌಕೆ ‘ಜಾನ್ ಎಸ್. ಮೆಕೇನ್’ ಸಿಂಗಪುರದ ಸಮೀಪ ತೈಲದ ಹಡಗಿಗೆ ಡಿಕ್ಕಿ ಹೊಡೆದು 10 ಮಂದಿ ನಾವಿಕರು ಸತ್ತರು. ಸಾಕಷ್ಟು ತರಬೇತಿಯಿಲ್ಲದ ಸಿಬ್ಬಂದಿ ಗೊಂದಲಕ್ಕೀಡಾಗಲು ಹಡಗು ನಡೆಸುವ ಸ್ಪರ್ಶಪರದೆಯೂ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. 2019ರಲ್ಲಿ ಅಲ್ಲಿನ ನೌಕಾಪಡೆ ವೇಗ ನಿಯಂತ್ರಣಕ್ಕೆ ಮತ್ತೆ ಕೈಹಿಡಿಗಳನ್ನೇ ತರುವುದಾಗಿ ತಿಳಿಸಿತು. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋಪಿನ ಎನ್‌ಕ್ಯಾಪ್ ಸಂಸ್ಥೆಯ 2026ರ ನಿಯಮಾವಳಿ ತಿರುವಿನ ದೀಪ, ಹಾರ್ನ್, ವೈಪರ್‌ನಂತಹ ಮುಖ್ಯ ಕಾರ್ಯಗಳಿಗೆ ಮುಟ್ಟಿದರೆ ತಿಳಿಯುವ ಸ್ವಿಚ್ಚುಗಳನ್ನು ಬಯಸುತ್ತದೆ. ನಮ್ಮ ಉದಾಹರಣೆ ಇನ್ನೂ ಹತ್ತಿರದ್ದು. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲಿಗೆ ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಬಂದ ಮತಯಂತ್ರದಲ್ಲಿ ಇರುವುದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್; ಅಂಧ ಮತದಾರರಿಗೆ ಪಕ್ಕದಲ್ಲಿ ಬ್ರೈಲ್ ಗುರುತು. ಅಂದು ಚುನಾವಣಾ ಕರ್ತವ್ಯದಲ್ಲಿದ್ದ ನಾನು, ಅದುವರೆಗೆ ಯಾವ ವಿದ್ಯುನ್ಮಾನ ಉಪಕರಣವನ್ನೂ ಮುಟ್ಟದಿದ್ದ ತಾಂಡಾದ ಮುದುಕಿಯರು ಆ ಬೀಪ್ ಕೇಳಿದೊಡನೆ ‘ಬಿತ್ತು’ ಎಂದು ನಿಶ್ಚಿಂತೆಯಿಂದ ಹೊರಬರುವುದನ್ನು ಕಂಡಿದ್ದೇನೆ. ಆ ಯಂತ್ರವನ್ನು ರೂಪಿಸಿದವರು ತಮ್ಮ ಬಳಕೆದಾರರು ಯಾರೆಂಬುದನ್ನು ಬಲ್ಲವರಾಗಿದ್ದರು.

ಹಾಗಾದರೆ ಟೀಪಾಯಿಯ ಮೇಲಿನ ನಾಲ್ಕು ರಿಮೋಟುಗಳಿಂದ ಬಿಡುಗಡೆ ಇಲ್ಲವೇ? ಇದೆ, ಆದರೆ ಅದಕ್ಕೆ ಗಾಜು ಬೇಕೆಂದೇನಿಲ್ಲ. ಬೇಕಾದುದು ಸಮಾನ ಮಾನಕ. 1980ರ ದಶಕದಲ್ಲಿ ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಎಂಬ ಸಂಕೇತ ವ್ಯವಸ್ಥೆಯನ್ನು ಯುರೋಪಿನ ಹಲವು ತಯಾರಕರು ಒಪ್ಪಿಕೊಂಡಿದ್ದರು. ಪ್ರತಿ ಕಂಪನಿಯೂ ತನ್ನದೇ ಭಾಷೆ ಆಡತೊಡಗಿದರೆ ಭಾಷಾಂತರಕಾರನೊಬ್ಬ ಬೇಕಾಗುತ್ತಾನೆ. ಸರ್ವಯಂತ್ರ ರಿಮೋಟು ಆ ಭಾಷಾಂತರಕಾರ. ಒಂದೇ ಭಾಷೆಯಾದರೆ ಆರು ಗುಂಡಿಯ ಅಗ್ಗದ ರಿಮೋಟೂ ಎಲ್ಲವನ್ನೂ ನಡೆಸಬಲ್ಲದು. ಸೆಟ್‌ಟಾಪ್ ಬಾಕ್ಸಿನ ಮಟ್ಟಿಗೆ ಈ ದಿಕ್ಕಿನ ಮಾತು ನಮ್ಮಲ್ಲೂ ನಡೆಯಿತು. ಯಾವ ಕಂಪನಿಯ ಬಾಕ್ಸಾದರೂ ಯಾವ ಸೇವೆಗಾದರೂ ಹೊಂದುವಂತಿರಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಅದು ಜಾರಿಯಾಗಿದ್ದರೆ ಕೇಬಲ್ಲಿನವನನ್ನು ಬದಲಿಸಿದಾಗಲೆಲ್ಲ ಬಾಕ್ಸೂ ರಿಮೋಟೂ ಬದಲಾಗುವ ಪ್ರಮೇಯವೇ ಬರುತ್ತಿರಲಿಲ್ಲ. ಗ್ರಾಹಕ ಬೇರೆಡೆ ಹೋಗದಂತೆ ಕಟ್ಟಿಹಾಕುವುದರಲ್ಲಿ ಕಂಪನಿಗಳಿಗೆ ಲಾಭವಿದೆ. ಆದ್ದರಿಂದ ಮಾನಕಗಳು ಮಾರುಕಟ್ಟೆಯಿಂದ ತಾವಾಗಿ ಹುಟ್ಟುವುದಿಲ್ಲ, ಸರ್ಕಾರ ಒತ್ತಬೇಕಾಗುತ್ತದೆ. ಈ ಒಂದು ಗುಂಡಿಯನ್ನು ಒತ್ತುವಲ್ಲಿ ಮಾತ್ರ ನಮ್ಮ ಸರ್ಕಾರಗಳ ಬೆರಳು ಹಿಂಜರಿಯುತ್ತದೆ.

ಅಲ್ಲಿಯವರೆಗೆ ಕೊಳ್ಳುವವರು ತಮ್ಮ ಎಚ್ಚರದಲ್ಲಿರಬೇಕು. ಫೋನನ್ನು ರಿಮೋಟಾಗಿ ಬಳಸುವುದಾದರೆ ಅದರಲ್ಲಿ ಇನ್‌ಫ್ರಾರೆಡ್ ದೀಪವಿದೆಯೇ ನೋಡಿಕೊಳ್ಳಿ. ಎಲ್ಲ ಫೋನುಗಳಲ್ಲೂ ಅದು ಇರುವುದಿಲ್ಲ. ಸ್ಯಾಮ್‌ಸಂಗ್ 2013ರ ಎಸ್-4ರಲ್ಲಿ ಕೊಟ್ಟದ್ದನ್ನು 2016ರ ಎಸ್-7ರಲ್ಲಿ ತೆಗೆದುಹಾಕಿತು. ವೈ-ಫೈ ಮೂಲಕ ಮಾತ್ರ ನಡೆಯುವ ಆ್ಯಪ್ ಆದರೆ ಕರೆಂಟು ಬಂದು ಇಂಟರ್ನೆಟ್ ಬಾರದ ಹೊತ್ತಿನಲ್ಲಿ ಏನಾಗುತ್ತದೆಂದು ಅಂಗಡಿಯವನನ್ನು ಕೇಳಿ. ಹಳೆಯ ರಿಮೋಟುಗಳನ್ನು ಬಿಸಾಡಬೇಡಿ. ಸೆಲ್ಲು ತೆಗೆದು, ಯಾವುದರದೆಂದು ಕನ್ನಡದಲ್ಲಿ ಬರೆದು ಅಂಟಿಸಿ ಒಂದು ಡಬ್ಬಿಯಲ್ಲಿಡಿ. ರಿಮೋಟಿನ ಫ್ಯಾನು ಕೊಳ್ಳುವವರು ಇನ್ನೂ ಒಂದು ಮಾತು ಕೇಳಬೇಕು. ಮಿತವ್ಯಯದ ಈ ಹೊಸ ಫ್ಯಾನುಗಳಿಗೆ ಗೋಡೆಯ ಹಳೆಯ ರೆಗ್ಯುಲೇಟರ್ ಹೊಂದುವುದಿಲ್ಲ. ರಿಮೋಟು ಕಳೆದರೆ ಗೋಡೆಯ ಸ್ವಿಚ್ಚಿನಿಂದಲೇ ವೇಗ ಬದಲಿಸುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ಏಪ್ರಿಲ್ ತಿಂಗಳ ರಾತ್ರಿ ಮಕ್ಕಳೆಲ್ಲ ಊರಲ್ಲಿಲ್ಲದಾಗ ಅಮ್ಮ ಆ ಫ್ಯಾನನ್ನು ಹೇಗೆ ನಡೆಸಿಯಾಳು ಎಂದು ಅಂಗಡಿಯಲ್ಲೇ ಕೇಳಿ, ಅಲ್ಲೇ ಮಾಡಿ ತೋರಿಸಲು ಹೇಳಿ.